ಮೊದಲು ವಾಪಸ್ ಗಾಡಿ ಕೇಳಿ

‘ಬೆಳಗಾವಿ ಸುತ್ತ ನೋಡಲೇಬೇಕಾದ ಹತ್ತು ಜಾಗ’ ಎನ್ನುವ ವಿಡಿಯೊಗಳು ನಿಮ್ಮ ಫೋನಿಗೂ ಬಂದಿರುತ್ತವೆ. ಮಳೆಗಾಲ ಶುರುವಾದರಂತೂ ದಿನಕ್ಕೆ ನಾಲ್ಕು. ಡ್ರೋನ್ ಹಾರುತ್ತದೆ, ಹಿಂದೆ ಹಾಡು ಕೇಳುತ್ತದೆ, ಹೊಳೆ, ಕಾಡು, ಗುಡಿ ಎಲ್ಲ ಕಾಣುತ್ತದೆ. ಸಂಜೆ ಊರಿಗೆ ಹೇಗೆ ಮರಳಬೇಕು ಎಂಬ ಒಂದು ಮಾತು ಮಾತ್ರ ಇರುವುದಿಲ್ಲ. ವಿಡಿಯೊ ಮಾಡಿದವರು ಕಾರಿನಲ್ಲಿ ಹೋಗಿರುತ್ತಾರೆ, ಅವರಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ನಮ್ಮ ಓದುಗರಲ್ಲಿ ಹೆಚ್ಚಿನವರು ಬಸ್ಸಿನವರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಮನೆಯ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಟಿಕೆಟ್ ಖರ್ಚು ಹೋಯಿತು. ಆದರೆ ಖರ್ಚು ಒಂದೇ ಅಡ್ಡಿ ಆಗಿರಲಿಲ್ಲ. ಸಂಘದ ಹೆಣ್ಣುಮಕ್ಕಳು ನಾಲ್ಕು ಜನ ಸೇರಿ ಒಂದು ದಿನ ಹೊರಗೆ ಹೋಗಿ ಬರುತ್ತೇವೆ ಎಂದರೆ ಮನೆಯಲ್ಲಿ ಕೇಳುವ ಮೊದಲ ಮಾತು ಇವತ್ತಿಗೂ ಅದೇ: ‘ಕತ್ತಲಾಗೂದ್ರಾಗ ಬರ್ತೀಯೇನವಾ?’ ಉತ್ತರ ಇದ್ದರೆ ಪ್ರವಾಸ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕೇ ನಾವು ಹೇಳುವುದು, ಜಾಗ ಎಷ್ಟು ಚೆಂದ ಎಂದು ನೋಡುವ ಮೊದಲು ಅಲ್ಲಿಂದ ಕೊನೆಯ ಗಾಡಿ ಎಷ್ಟಕ್ಕೆ ಎಂದು ಕೇಳಿ. ಆಮೇಲೆ ಉಳಿದದ್ದು.

ನಮ್ಮ ಭಾಗದ ಬಸ್ಸುಗಳಿಗೆ ಒಂದು ಲೆಕ್ಕವಿದೆ. ಬೆಳಿಗ್ಗೆ ಹಳ್ಳಿಯಿಂದ ಪೇಟೆಗೆ, ಸಂಜೆ ಪೇಟೆಯಿಂದ ಹಳ್ಳಿಗೆ. ಶಾಲೆ, ಕಾಲೇಜು, ಕಚೇರಿ, ಸಂತೆ ಎಲ್ಲ ಇದರ ಮೇಲೇ ನಡೆಯುತ್ತದೆ. ಸಂಜೆ ಹಳ್ಳಿಗೆ ಹೋದ ಕೊನೆಯ ಗಾಡಿ ಅಲ್ಲಿಯೇ ವಸ್ತಿ ಮಾಡಿ ಮರುದಿನ ನಸುಕಿನಲ್ಲಿ ಹೊರಡುತ್ತದೆ. ಹಳ್ಳಿಯವರು ಪೇಟೆ ನೋಡಿ ಬರಲು ಇಷ್ಟು ಅನುಕೂಲ ಬೇರೆ ಇಲ್ಲ. ಪೇಟೆಯವರು ಹಳ್ಳಿಯ ಗುಡಿ ನೋಡಲು ಹೋದರೆ, ಅಥವಾ ಒಂದು ಹಳ್ಳಿಯವರು ಇನ್ನೊಂದು ದಿಕ್ಕಿನ ಹಳ್ಳಿಗೆ ಹೋದರೆ, ಲೆಕ್ಕ ತಲೆಕೆಳಗು. ಸಂಜೆ ಐದೂವರೆಗೆ ಬಸ್ಸು ಬಂತೆಂದು ಖುಷಿಯಿಂದ ಹತ್ತಿದರೆ ಕಂಡಕ್ಟರ್ ಹೇಳುತ್ತಾರೆ: ‘ಅಕ್ಕಾರ, ಇದು ವಾಪಸ್ ಹೋಗೂದಿಲ್ರಿ, ವಸ್ತಿ ಐತಿ.’

ಖಾನಾಪುರ ತಾಲ್ಲೂಕಿನ ನಂದಗಡ ಮತ್ತು ಹಲಸಿಯನ್ನೇ ತೆಗೆದುಕೊಳ್ಳಿ. ಒಂದೇ ದಿನದಲ್ಲಿ ನೋಡಬಹುದಾದ ಜೋಡಿ ಇದು, ನಮ್ಮನ್ನು ಕೇಳಿದರೆ ಇಡೀ ಜಿಲ್ಲೆಯಲ್ಲಿ ಒಳ್ಳೆಯದು. ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದರು. ಅವನ ಸಮಾಧಿ ಇಲ್ಲಿದೆ, ಆಲದ ಮರವಿದೆ, ಹರಕೆ ಹೊತ್ತವರು ಬರುತ್ತಲೇ ಇರುತ್ತಾರೆ. ಅಲ್ಲಿಂದ ಮುಂದಕ್ಕೆ ಹಲಸಿ. ಹಳೆಯ ಶಾಸನಗಳಲ್ಲಿ ಇದರ ಹೆಸರು ಪಲಾಶಿಕಾ. ಬನವಾಸಿಯ ಕದಂಬರಿಗೆ ಎರಡನೇ ರಾಜಧಾನಿಯಂತಿದ್ದ ಊರು, ಆಮೇಲೆ ಗೋವಾ ಕದಂಬರದು. ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರು ಇವೆ. ನಡುವೆ ನಿಂತು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಕೈ ಮುಗಿಯಬೇಕು. ಮಕ್ಕಳಿಗೆ ಇದು ಬಹಳ ಇಷ್ಟವಾಗುತ್ತದೆ.

ಇಲ್ಲಿ ಕ್ರಮ ಮುಖ್ಯ. ಹೆಚ್ಚಿನವರು ಮೊದಲು ನಂದಗಡದಲ್ಲಿ ಇಳಿದು, ಆರಾಮವಾಗಿ ನೋಡಿ, ಮಧ್ಯಾಹ್ನ ಹಲಸಿಗೆ ಹೊರಡುತ್ತಾರೆ. ಅದನ್ನು ಉಲ್ಟಾ ಮಾಡಿ. ಖಾನಾಪುರದಿಂದ ಬೆಳಗಿನ ಗಾಡಿಗೆ ನೇರ ಹಲಸಿಗೆ ಹೋಗಿ, ದೂರದ್ದನ್ನು ಮೊದಲು ಮುಗಿಸಿ, ಊಟದ ಹೊತ್ತಿಗೆ ನಂದಗಡಕ್ಕೆ ಬನ್ನಿ. ನಂದಗಡ ದೊಡ್ಡ ಊರು, ಖಾನಾಪುರಕ್ಕೆ ಹತ್ತು ಹನ್ನೆರಡು ಕಿಲೋಮೀಟರ್. ಬಸ್ಸು ತಪ್ಪಿದರೂ ಟಂಟಂ ಸಿಗುವ ಸಾಧ್ಯತೆ ಇದೆ. ಹಲಸಿಯಲ್ಲಿ ಬಸ್ಸು ತಪ್ಪಿದರೆ ಗುಡಿಯ ಕಟ್ಟೆಯೇ ಗತಿ. ಮಧ್ಯಾಹ್ನ ಮೂರರ ನಂತರ ಎರಡು ಗಾಡಿ ಬದಲಿಸುವ ಪ್ರಸಂಗ ಬರಬಾರದು, ಇಷ್ಟು ನೆನಪಿಟ್ಟರೆ ಸಾಕು. ಬಸ್ಸಿನ ಟೈಮನ್ನು ನಾವು ಇಲ್ಲಿ ಬರೆಯುತ್ತಿಲ್ಲ, ಬರೆದದ್ದು ಮುಂದಿನ ತಿಂಗಳು ಬದಲಾಗಬಹುದು. ಇಳಿಯುವಾಗ ಕಂಡಕ್ಟರ್‌ನನ್ನು ಕೇಳಿ, ನಿಲ್ದಾಣದ ಚಹಾ ಅಂಗಡಿಯವರನ್ನೂ ಕೇಳಿ. ಇಬ್ಬರೂ ಒಂದೇ ಹೊತ್ತು ಹೇಳಿದರೆ ನಂಬಿ.

ಹೆದ್ದಾರಿಯ ಮೇಲಿನ ಜಾಗಗಳಿಗೆ ಇಷ್ಟು ತಲೆಬಿಸಿ ಇಲ್ಲ. ಕಿತ್ತೂರು ಬೆಳಗಾವಿ–ಧಾರವಾಡ ರಸ್ತೆಯ ಮೇಲಿದೆ. 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಸೈನ್ಯ ಬ್ರಿಟಿಷರನ್ನು ಸೋಲಿಸಿದ ಕೋಟೆ, ಅರಮನೆಯ ಅವಶೇಷ, ವಸ್ತುಸಂಗ್ರಹಾಲಯ ಎಲ್ಲ ಒಂದೇ ಕಡೆ. ಹತ್ತುವ ಮೊದಲು ‘ಕಿತ್ತೂರಾಗ ನಿಲ್ಲತೈತೇನ್ರಿ?’ ಎಂದು ಕೇಳಿ ಅಷ್ಟೇ, ನಿಲ್ಲದೆ ಹೋಗುವ ಗಾಡಿಗಳೂ ಇವೆ. ಗೋಕಾಕ ಜಲಪಾತಕ್ಕೂ ದಾರಿ ಸುಲಭ. ಆದರೆ ಬೇಸಿಗೆಯಲ್ಲಿ ಹೋಗಿ ಬರೀ ಬಂಡೆ ನೋಡಿ ಬಂದು ನಮ್ಮನ್ನು ಬೈಯಬೇಡಿ. ಘಟಪ್ರಭೆಗೆ ನೀರು ಬಂದ ಮೇಲೆ ಹೋಗಿ, ಬರುವಾಗ ಕರದಂಟು ತನ್ನಿ.

ಖಾನಾಪುರ ಕಡೆಯ ಹಳ್ಳಿಯವರಿಗೆ ಎಲ್ಲಕ್ಕಿಂತ ಸುಲಭದ ಪ್ರವಾಸ ಬೆಳಗಾವಿಯೇ. ಆಸ್ಪತ್ರೆಗೆ, ಕೋರ್ಟಿಗೆ, ಬಟ್ಟೆ ತರಲು ನೂರು ಸಲ ಬಂದಿರುತ್ತೀರಿ. ಕೋಟೆಯೊಳಗಿನ ಕಮಲ ಬಸದಿ ನೋಡಿದ್ದೀರಾ? ಸಿಬಿಟಿಯಿಂದ ನಡೆದೇ ಹೋಗಬಹುದು. 1204ರ ಬಸದಿ ಅದು, ಒಳಗೆ ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲ ನೋಡಲು ಕತ್ತು ಎತ್ತಿಯೇ ನಿಲ್ಲಬೇಕು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರಿನಲ್ಲಿ ನಡೆದದ್ದು ಇಲ್ಲಿನ ಟಿಳಕವಾಡಿಯಲ್ಲಿ. ಆಗ ಬಂದವರಿಗೆ ನೀರಿಗಾಗಿ ತೋಡಿದ ಬಾವಿ ಈಗಲೂ ಇದೆ. ಸಂಜೆ ಕುಂದಾ ಕಟ್ಟಿಸಿಕೊಂಡು ನಿಮ್ಮೂರಿನ ವಸ್ತಿ ಗಾಡಿ ಹತ್ತಿದರೆ ಮನೆ ಬಾಗಿಲಿಗೇ ಇಳಿಯುತ್ತೀರಿ.

ರೈಲನ್ನು ನಾವು ಮರೆತಿದ್ದೇವೆ. ದೇಸೂರು, ಇದಲಹೊಂಡ, ಖಾನಾಪುರ, ಗುಂಜಿ, ಲೋಂಡಾ, ಎಲ್ಲ ಒಂದೇ ಹಳಿಯ ಮೇಲಿನ ಊರುಗಳು. ಲೋಂಡಾದಿಂದ ಗೋವಾ ಕಡೆ ಹೋಗುವ ರೈಲು ಕ್ಯಾಸಲ್‌ರಾಕ್ ದಾಟಿ ದೂಧಸಾಗರದ ಮುಂದೆಯೇ ಹಾಯುತ್ತದೆ. ಕಿಟಕಿಯಿಂದ ನೋಡಿ ತೃಪ್ತಿಪಡಿ. ಇಳಿದು ಹಳಿಯ ಮೇಲೆ ನಡೆಯುವುದು ಕಾನೂನಿನಲ್ಲಿ ಅಪರಾಧ, ಜೀವಕ್ಕೂ ಅಪಾಯ.

ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ ಸುತ್ತಲಿನ ಜಲಪಾತಗಳು, ಭೀಮಗಡದ ಕಾಡು ವಿಡಿಯೊದಲ್ಲಿ ಎಷ್ಟೇ ಕರೆಯಲಿ, ಬಸ್ಸಿನವರು ಮಳೆಗಾಲದಲ್ಲಿ ಬಿಟ್ಟುಬಿಡುವುದು ಒಳ್ಳೆಯದು. ಭೀಮಗಡ ವನ್ಯಜೀವಿಧಾಮ, ಬೇಕೆಂದಲ್ಲಿ ನುಗ್ಗುವಂತಿಲ್ಲ. ಕಣಕುಂಬಿಗೆ ದೀಪಾವಳಿ ಕಳೆದ ಮೇಲೆ ಹೋಗಿ, ಮಾವುಲಿ ಗುಡಿ ನೋಡಿ ಬನ್ನಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಅಂತರರಾಜ್ಯ ಬಸ್ಸಿಗೆ ಇಲ್ಲ, ಗೋವಾ ಗಾಡಿ ಹತ್ತುವಾಗ ಇದು ತಲೆಯಲ್ಲಿರಲಿ.

ಇಷ್ಟು ಎಚ್ಚರಿಕೆ ಪ್ರಯಾಣಿಕರೇ ವಹಿಸಬೇಕಾ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಯುರೋಪಿನ ಲಕ್ಸೆಂಬರ್ಗ್ ದೇಶದಲ್ಲಿ 2020ರಿಂದ ಬಸ್ಸು, ರೈಲು, ಟ್ರಾಮ್ ಎಲ್ಲರಿಗೂ ಉಚಿತ. ಆ ವಿಷಯದಲ್ಲಿ ನಾವು ಅರ್ಧ ದಾರಿ ಬಂದಿದ್ದೇವೆ. ನಮಗೆ ಕಲಿಯಲು ಇರುವುದು ಸ್ವಿಟ್ಜರ್ಲೆಂಡಿನಿಂದ. ಅಲ್ಲಿ 1982ರಿಂದ ರೈಲುಗಳು ಗಂಟೆಗೊಮ್ಮೆ ಅದೇ ನಿಮಿಷಕ್ಕೆ ಹೊರಡುವ ಪದ್ಧತಿ ಇದೆ, ಬೆಟ್ಟದ ಹಳ್ಳಿಗೆ ಹೋಗುವ ಹಳದಿ ಬಸ್ಸು ರೈಲು ಬರುವ ಹೊತ್ತಿಗೆ ನಿಲ್ದಾಣದ ಹೊರಗೆ ಕಾಯುತ್ತಿರುತ್ತದೆ. ಹಾಗಾಗಿ ರಾಜಧಾನಿ ಬರ್ನ್‌ನಿಂದ ಕಾರಿಲ್ಲದೆ ಹೊರಟವರು ಎಲ್ಲಿಗೆ ಹೋಗಲಿ ಎಂದು ಮಾತ್ರ ಯೋಚಿಸುತ್ತಾರೆ. ಮರಳುವುದು ಅವರಿಗೆ ಚಿಂತೆಯಲ್ಲ.

ಅಷ್ಟು ಬಸ್ಸು ನಾಳೆಯೇ ಕೊಡಿ ಎಂದು ನಾವು ಕೇಳುತ್ತಿಲ್ಲ. ಹಲಸಿ, ನಂದಗಡ, ಕಣಕುಂಬಿಯಂಥ ಊರುಗಳ ನಿಲ್ದಾಣದಲ್ಲಿ ಒಂದು ಬೋರ್ಡು ಬೇಕು. ಅದರ ಮೇಲೆ ‘ಇಲ್ಲಿಂದ ಖಾನಾಪುರಕ್ಕೆ ಕೊನೆಯ ಬಸ್ಸು’ ಎಂದು ಬರೆದು ಟೈಮ್ ಹಾಕಿರಬೇಕು, ಕನ್ನಡದಲ್ಲೂ ಮರಾಠಿಯಲ್ಲೂ. ಬದಲಾದಾಗ ಒರೆಸಿ ಬರೆಯಲು ಸುಣ್ಣದ ಕಡ್ಡಿ ಸಾಕು. ಇನ್ನೊಂದು, ಭಾನುವಾರ ಮತ್ತು ರಜೆಯ ದಿನಗಳಲ್ಲಿ ಹಲಸಿಯಿಂದ ಸಂಜೆ ಐದರ ಸುಮಾರಿಗೆ ಖಾನಾಪುರಕ್ಕೆ ಮರಳುವ ಒಂದು ಗಾಡಿ. ಅರ್ಜಿ ಖಾನಾಪುರ ಡಿಪೊ ವ್ಯವಸ್ಥಾಪಕರಿಗೆ ಕೊಡಬೇಕು. ಗ್ರಾಮ ಪಂಚಾಯಿತಿ ಠರಾವಿನ ಪ್ರತಿ ಜೊತೆಗಿದ್ದರೆ ತೂಕ ಹೆಚ್ಚು. ಮುಂದಿನ ಗ್ರಾಮಸಭೆಯಲ್ಲಿ ಗಟಾರು, ಬೀದಿ ದೀಪದ ಜೊತೆ ಇದನ್ನೂ ಒಂದು ಸಾಲು ಬರೆಸಿ. ಸಂಘದ ಅಕ್ಕತಂಗಿಯರು ಎದ್ದು ಕೇಳಿದರೆ ಇನ್ನೂ ಒಳ್ಳೆಯದು.