ಅತ್ತಿಗೆಯ ಓವನ್‌ಗೆ ನೈನ್-ಇಲೆವೆನ್ ಉಂಟಾ?

ಕಳೆದ ವಾರ ಬೆಂಗಳೂರಿನ ಗೆಳತಿ ಫೋನ್ ಮಾಡಿ ಅರ್ಧ ಗಂಟೆ ಗೋಳು ಹೇಳಿಕೊಂಡಳು. ಮನೆಯ ಕೆಳಗಿನ ರೂಮಿನಲ್ಲಿ ಬಟ್ಟೆ ಹೊಲಿದು ಮಾರುವ ಯೋಚನೆ ಅವಳದು. ವಸತಿ ಬಡಾವಣೆ, ಮೂವತ್ತಡಿ ರಸ್ತೆ. ನಲವತ್ತಡಿ ಇಲ್ಲದಿದ್ದರೆ ಟ್ರೇಡ್ ಲೈಸೆನ್ಸ್ ಕಷ್ಟ ಅಂತ ಯಾರೋ ಹೇಳಿದ್ದಾರೆ. "ನಿಂಗೇನಮ್ಮ, ಕಕ್ಕಿಂಜೆಯಲ್ಲಿ ಝೋನೂ ಇಲ್ಲ ಗೀನೂ ಇಲ್ಲ" ಅಂದಳು.

ನಾನು ನಕ್ಕೆ. ಪಕ್ಕದಲ್ಲಿ ಕ್ರೀಮ್ ಕಲಸುತ್ತಿದ್ದ ಅತ್ತಿಗೆ ನಗಲಿಲ್ಲ.

ಅತ್ತಿಗೆ ಕೇಕ್ ಮಾಡಲಿಕ್ಕೆ ಶುರು ಮಾಡಿ ಮೂರು ವರ್ಷ. ಆರ್ಡರ್ ಎಲ್ಲ ವಾಟ್ಸಾಪ್‌ನಲ್ಲಿ. ಉಜಿರೆವರೆಗೆ ಸಣ್ಣಣ್ಣ ಸ್ಕೂಟರಿನಲ್ಲಿ ಕೊಟ್ಟು ಬರ್ತಾನೆ. ಶುರುವಿನ ಕಾಗದಪತ್ರಗಳೇನೂ ಕಷ್ಟ ಆಗಲಿಲ್ಲ. ಆಹಾರ ಸುರಕ್ಷತೆಯ ರಿಜಿಸ್ಟ್ರೇಷನ್‌ಗೆ ವರ್ಷಕ್ಕೆ 100 ರೂಪಾಯಿ, ಉದ್ಯಮ್ ನೋಂದಣಿಗೆ ಒಂದು ಪೈಸೆಯೂ ಇಲ್ಲ. ಎರಡೂ ಮೊಬೈಲಿನಲ್ಲೇ ಆಯಿತು. ಮನೆಯಿಂದ ತಿಂಡಿ ಮಾಡಿ ಮಾರುವವರು ಇನ್ನೂ ಮಾಡಿಸದಿದ್ದರೆ ಇವತ್ತೇ ಮಾಡಿಸಿ.

ತೊಂದರೆ ಬಂದದ್ದು ದೊಡ್ಡ ಓವನ್ ಬೇಕು ಅನಿಸಿದಾಗ. ಮುದ್ರಾ ಸಾಲಕ್ಕೆ ಅಡಮಾನ ಬೇಡ, ಸರಿ. ಆದರೆ ನಾವು ಹೋದ ಬ್ಯಾಂಕಿನಲ್ಲಿ ವ್ಯಾಪಾರ ನಡೆಯುವ ಜಾಗದ ಪಂಚಾಯತ್ ಲೈಸೆನ್ಸ್ ಕೇಳಿದರು. ಲೈಸೆನ್ಸ್ ಕೇಳಲು ಹೋದರೆ ಮತ್ತೊಂದು ಪ್ರಶ್ನೆ: "ನೈನ್-ಇಲೆವೆನ್ ಉಂಟಾ?"

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ: ಇ-ಸ್ವತ್ತಿನಲ್ಲಿ ಸಿಗುವ ನಮೂನೆ 9 ಮತ್ತು 11, ಅಂದರೆ ಈ ಆಸ್ತಿ ಕೃಷಿಯದ್ದಲ್ಲ, ಪಂಚಾಯತ್ ಲೆಕ್ಕದ್ದು ಅನ್ನುವ ದಾಖಲೆ. ನಮ್ಮ ಮನೆ ಇರುವುದು ಅಡಿಕೆ ತೋಟದ ಮಗ್ಗುಲಲ್ಲಿ. 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಕೃಷಿಕ ತನ್ನ ಜಮೀನಿನಲ್ಲಿ ತನಗೊಂದು ಮನೆ ಕಟ್ಟಿಕೊಳ್ಳಬಹುದು. ಬೇರೆ ಉದ್ದೇಶಕ್ಕಾದರೆ ಕನ್ವರ್ಷನ್ ಬೇಕು. ಡೋರ್ ನಂಬರ್ ಉಂಟು, ತೆರಿಗೆ ಕಟ್ತೇವೆ, ಆದರೆ ಕಾಗದದಲ್ಲಿ ಅತ್ತಿಗೆಯ ಅಡುಗೆಮನೆ ಇನ್ನೂ ತೋಟವೇ. ಬೆಂಗಳೂರಿನ ಗೆಳತಿಗೆ ರಸ್ತೆ ಅಳತೆ ಅಡ್ಡ, ನಮಗೆ ನೆಲದ ಜಾತಿ ಅಡ್ಡ.

ಕರೆಂಟಿನದ್ದು ಇನ್ನೊಂದು ತಮಾಷೆ. ಗೃಹಜ್ಯೋತಿಯಲ್ಲಿ ಉಚಿತ ಯುನಿಟ್ ಲೆಕ್ಕ ಹಾಕಿದ್ದು 2022-23ರ ಸರಾಸರಿ ಬಳಕೆಗೆ ಹತ್ತು ಪರ್ಸೆಂಟ್ ಸೇರಿಸಿ. ಆ ವರ್ಷ ನಮ್ಮ ಮನೆಯಲ್ಲಿ ಓವನ್ ಇರಲೇ ಇಲ್ಲ! ಈಗ ಡಿಸೆಂಬರ್ ಬಂದರೆ ಅಮ್ಮ ಮೀಟರ್ ನೋಡಿ ನೋಡಿ ಬರ್ತಾರೆ.

ಕನ್ವರ್ಷನ್ ಮಾಡಿಸುವ ಅಂತ ನಾನೇ ಹೇಳಿದೆ. ಆದರೆ ಆರ್‌ಟಿಸಿ ಅಪ್ಪನ ಹೆಸರಿನಲ್ಲಿದೆ, ಅಪ್ಪ ತೀರಿಕೊಂಡು ಏಳು ವರ್ಷ. ಮೊದಲು ಪೌತಿ ಖಾತೆ ಆಗಬೇಕು. ಅಮ್ಮ, ಮಸ್ಕತ್‌ನಲ್ಲಿರುವ ದೊಡ್ಡಣ್ಣ, ಸಣ್ಣಣ್ಣ, ನಾನು, ಎಲ್ಲರ ಹೆಸರೂ ಬರಬೇಕು. ಮನೆ ನಿಂತ ಹತ್ತು ಸೆಂಟ್ಸ್ ಮಾತ್ರ ಬೇರೆ ಮಾಡಬೇಕಾದರೆ ಎಲ್ಲರೂ ಒಪ್ಪಬೇಕು. ಅಲ್ಲಿಗೆ ಅತ್ತಿಗೆ ಸುಮ್ಮನಾದಳು.

"ನಾನು ಕೇಳಿದ್ದು ಓವನ್ ಮಾರಾಯ್ತಿ" ಅಂದಳು. "ಈಗ ಪಾಲು ಕೇಳಿದ ಹಾಗೆ ಆಗ್ತದೆ."

ಅವಳ ಮಾತು ಸುಳ್ಳಲ್ಲ. ದೊಡ್ಡಣ್ಣನಿಗೆ ಫೋನಿನಲ್ಲಿ ವಿಷಯ ತೆಗೆದ ಕೂಡಲೇ ಅವನು ಕೇಳಿದ್ದು, "ಎಂತ, ಈಗಲೇ ಪಾಲಿನ ಮಾತಾ?" ಕೇಕ್ ವಿಷಯ ಅಂತ ಅರ್ಥ ಮಾಡಿಸಲು ಕಾಲು ಗಂಟೆ ಬೇಕಾಯಿತು. ಆಲೋಚನೆ ಮಾಡುವ ಅಂದ.

ಇಷ್ಟು ವರ್ಷ ಪೌತಿ ಖಾತೆ ಮಾಡಿಸದ್ದಕ್ಕೆ ನಾನು ಬೇರೆ ಯಾರನ್ನೂ ದೂರಲಾರೆ. ತೋಟದ ವಿಷಯ ಅಣ್ಣಂದಿರದ್ದು ಅಂತ ನಾನೂ ಸುಮ್ಮನಿದ್ದೆ. ಮೊನ್ನೆ ಅಪ್ಪನ ಮರಣ ಪ್ರಮಾಣಪತ್ರ ಹುಡುಕಿ ಫೈಲಿಗೆ ಹಾಕಿದ್ದೇನೆ. ವಂಶವೃಕ್ಷಕ್ಕೆ ಅರ್ಜಿ ಕೊಡಬೇಕು, ದೊಡ್ಡಣ್ಣ ಏಪ್ರಿಲ್‌ನಲ್ಲಿ ಊರಿಗೆ ಬರ್ತಾನೆ.

ಅತ್ತಿಗೆ ಹಳೇ ಓವನ್‌ನಲ್ಲೇ ಶನಿವಾರದ ಎರಡು ಕೇಕ್ ಮಾಡ್ತಿದ್ದಾಳೆ. ಮೂರನೆಯ ಆರ್ಡರ್ ಬಂದಿತ್ತು, ಆಗುವುದಿಲ್ಲ ಅಂದಳು.