ಔಷಧದಂಗಡಿಯ ಗಣಕಕ್ಕೆ ಉಷ್ಣತೆಯೂ ತಿಳಿಯಲಿ

ಔಷಧದಂಗಡಿಯ ಗಣಕಯಂತ್ರವು ದಾಸ್ತಾನಿನ ಎಣಿಕೆಯನ್ನು ಚೆನ್ನಾಗಿಯೇ ಬಲ್ಲುದು. ಆದರೆ ಮೊದಲು ಅವಧಿ ತೀರುವ ಪೊಟ್ಟಣವನ್ನೇ ಮೊದಲು ಮಾರಬೇಕೆಂಬ ನಿಯಮವನ್ನು ಮಾರುವವರ ನೆನಪಿಗೆ ಬಿಡುವುದು ಸರಿಯಲ್ಲ. ಭಾರತದಲ್ಲಿ 2023ರ ಆಗಸ್ಟ್ 1ರಿಂದ 300 ಔಷಧ ಬ್ರಾಂಡುಗಳಿಗೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಬ್ಯಾಚ್ ಸಂಖ್ಯೆ, ಅವಧಿ ತೀರುವ ದಿನಾಂಕ ಎರಡೂ ಅದರಲ್ಲಿ ಅಡಗಿರುತ್ತವೆ. ಅದನ್ನೋದಿ, ಅವಧಿ ಮೀರಿದುದಕ್ಕೆ ರಸೀತಿ ಕೊಡಲು ಗಣಕವೇ ನಿರಾಕರಿಸಬೇಕೆಂದು ನಮ್ಮ ಮತ.

ಭೌತವಿಜ್ಞಾನದ ಅಧ್ಯಾಪಕರಾದ ನಮಗೆ ಇಷ್ಟರಿಂದಲೇ ತೃಪ್ತಿಯಿಲ್ಲ. ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಬೇಕಷ್ಟೆ. ರಾತ್ರಿಯೆಲ್ಲ ವಿದ್ಯುತ್ತಿಲ್ಲದೆ ಫ್ರಿಜ್ಜು ಬೆಚ್ಚಗಾದರೆ ಮುದ್ರಿತ ದಿನಾಂಕವು ಬದಲಾಗದು. ಔಷಧದ ಸತ್ತ್ವವು ಕುಂದೀತು. ಆದುದರಿಂದ ಥರ್ಮಿಸ್ಟರೊಂದು ಅಳೆದ ಉಷ್ಣತೆಯೂ ದಾಸ್ತಾನಿನ ಲೆಕ್ಕಕ್ಕೆ ಸೇರಲಿ. ಬೆಳಿಗ್ಗೆ ಬಾಗಿಲು ತೆರೆದವರಿಗೆ ರಾತ್ರಿ ನಡೆದುದು ತಿಳಿಯಲಿ.