ಹೆಣ ಎತ್ತಿದ ಕೈಗಳಿಗೆ ಬಿಡುವು ಕೊಡಿ

ಪುಣೆ ಜಿಲ್ಲೆಯ ಅಂಬೇಗಾಂವ್ ತಾಲ್ಲೂಕಿನ ಮಾಳೀಣ ಗ್ರಾಮದ ಮೇಲೆ ಗುಡ್ಡ ಕುಸಿದದ್ದು 2014ರ ಜುಲೈ 30ರ ಬೆಳಿಗ್ಗೆ. ತಳೇಗಾಂವ್ ಸಮೀಪದ ಸುದುಂಬರೆಯಲ್ಲಿರುವ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ (ಎನ್‌ಡಿಆರ್‌ಎಫ್) 5ನೇ ಬೆಟಾಲಿಯನ್ನಿನ ಜವಾನರು ಸುರಿವ ಮಳೆಯಲ್ಲೇ ಕೆಸರು ಬಗೆಯತೊಡಗಿದರು. ಮೂರು ತಿಂಗಳ ಕೂಸೊಂದು ತಾಯಿಯ ಜೊತೆ ಜೀವಂತ ಸಿಕ್ಕಿತು. ದೇಶಕ್ಕೆಲ್ಲ ನೆನಪಿರುವುದು ಆ ಕೂಸೇ. ಆಮೇಲೆ ದಿನಗಟ್ಟಲೆ ಆ ಕೆಸರಿನಿಂದ ಹೊರಬಂದದ್ದು ಹೆಚ್ಚೂಕಡಿಮೆ ಹೆಣಗಳೇ. ಸತ್ತವರು 151 ಮಂದಿ.

ಇಂಥ ಕೆಲಸ ಮುಗಿಸಿ ಮನೆಗೆ ಹೋದವನಿಗೆ ಏನಾಗುತ್ತದೆ?

2023ರ ಜೂನ್‌ನಲ್ಲಿ, ಬಾಲಸೋರ್ ರೈಲು ದುರಂತವಾದ ಕೆಲವೇ ದಿನಗಳಲ್ಲಿ, ಆಗಿನ ಎನ್‌ಡಿಆರ್‌ಎಫ್ ಮಹಾನಿರ್ದೇಶಕ ಅತುಲ್ ಕರ್ವಾಲ್ ಇದಕ್ಕೆ ಬಹಿರಂಗವಾಗಿಯೇ ಉತ್ತರ ಕೊಟ್ಟಿದ್ದರು. ಅಲ್ಲಿ ಅವರ ಒಂಬತ್ತು ತಂಡಗಳು 44 ಮಂದಿಯನ್ನು ಉಳಿಸಿ, 121 ಶವಗಳನ್ನು ಹೊರತೆಗೆದಿದ್ದವು. ಹಿಂದಿರುಗಿದ ಜವಾನನೊಬ್ಬನಿಗೆ ನೀರು ಕಂಡರೆ ರಕ್ತದಂತೆ ತೋರುತ್ತಿತ್ತು. ಇನ್ನೊಬ್ಬನಿಗೆ ಊಟವೇ ಸೇರುತ್ತಿರಲಿಲ್ಲ. ಸಮವಸ್ತ್ರದ ಪಡೆಯ ಮುಖ್ಯಸ್ಥರೊಬ್ಬರು ಇದನ್ನು ಮುಚ್ಚಿಡದೆ ಹೇಳಿದ್ದು ಸಣ್ಣ ಮಾತಲ್ಲ. ಏಕೆಂದರೆ ‘ವೀರ’ ಎಂದು ಹಾರ ಹಾಕಿಸಿಕೊಂಡವನಿಗೆ ‘ನನಗೆ ರಾತ್ರಿ ಭಯವಾಗುತ್ತದೆ’ ಎನ್ನಲು ನಾಲಿಗೆ ಏಳುವುದಿಲ್ಲ. ಹೇಳಿದರೆ ಬಡ್ತಿಗೆ ಕುತ್ತು ಬಂದೀತೆಂಬ ಅಳುಕು ಬೇರೆ. ನಾವು ಮನಸಾರೆ ಹೊಗಳುತ್ತೇವೆ, ಆ ಹೊಗಳಿಕೆಯೇ ಅವನ ಬಾಯಿ ಕಟ್ಟುತ್ತದೆ.

ಜವಾನನ ಬೆನ್ನಿಗೆ ಒಂದು ಪಡೆಯಾದರೂ ಇದೆ. ಲೋಣಾವಳದ ‘ಶಿವದುರ್ಗ ಮಿತ್ರ’ದಂಥ ಸ್ವಯಂಸೇವಕರ ಕಥೆಯೇ ಬೇರೆ. 2024ರ ಜೂನ್ 30ರಂದು ಭುಶಿ ಅಣೆಕಟ್ಟೆಯ ಬಳಿಯ ಜಲಪಾತದಲ್ಲಿ ಹಡಪ್ಸರ್‌ನಿಂದ ಬಂದಿದ್ದ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅವರಲ್ಲಿ ನಾಲ್ವರು ಮಕ್ಕಳು. ಹುಡುಕಲು ನೀರಿಗಿಳಿದವರಲ್ಲಿ ಈ ಸ್ವಯಂಸೇವಕರೂ ಇದ್ದರು. ಇಂಥವರಿಗೆ ಸಂಬಳವಿಲ್ಲ, ಸೇವಾ ರಜೆಯಿಲ್ಲ. ಮಗುವಿನ ಶವ ಮೇಲೆತ್ತಿ, ಮರುದಿನ ಅಂಗಡಿಯ ಬಾಗಿಲು ತೆರೆಯಬೇಕು. 108 ಆಂಬುಲೆನ್ಸ್ ಸಿಬ್ಬಂದಿಗಂತೂ ಮರುದಿನದವರೆಗಿನ ಬಿಡುವೂ ಇಲ್ಲ. ಒಂದು ಅಪಘಾತ ಮುಗಿಯುವಷ್ಟರಲ್ಲಿ ಇನ್ನೊಂದು ಕರೆ ಬಂದಿರುತ್ತದೆ.

ಹಾಗೆಂದು ಎಲ್ಲರನ್ನೂ ಕೂಡಲೇ ಒಂದು ಕೋಣೆಯಲ್ಲಿ ಕೂರಿಸಿ, ಕಂಡದ್ದನ್ನೆಲ್ಲ ಒಮ್ಮೆಲೇ ಹೇಳಿಸುವುದು ಪರಿಹಾರವಲ್ಲ. ಅಂಥ ಒಂದೇ ಬೈಠಕ್‌ನಿಂದ ಮಾನಸಿಕ ಆಘಾತ ತಪ್ಪುವುದಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ಅಧ್ಯಯನಗಳ ಪರಾಮರ್ಶೆಗಳು ಎಚ್ಚರಿಸಿವೆ. ಬೇಕಾದದ್ದು ನಿದ್ದೆ, ಬಿಸಿಯೂಟ, ಪಾಳಿಯಿಂದ ಬಿಡುವು, ಜೊತೆಗಾರರ ಆಸರೆ. ತಿಂಗಳ ನಂತರ, ಮತ್ತೆ ಆರು ತಿಂಗಳ ನಂತರ, ‘ಹೇಗಿದ್ದೀರಿ’ ಎಂದು ವಿಚಾರಿಸುವ ತಜ್ಞರೊಬ್ಬರು. ಬೆಂಗಳೂರಿನ ನಿಮ್ಹಾನ್ಸ್‌ಗೆ ವಿಕೋಪ ಸಂತ್ರಸ್ತರ ಮನೋಸಾಮಾಜಿಕ ಆರೈಕೆಯಲ್ಲಿ ದಶಕಗಳ ಅನುಭವವಿದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಕೂಡ ಇದೆ. ಆದರೆ ನೊಂದವನೇ ಫೋನ್ ಮಾಡಲಿ ಎಂದು ಕಾದರೆ ಆ ಕರೆ ಬರುವುದು ಅಪರೂಪ.

ಮುಂಗಾರಿಗೆ ಮುಂಚೆ ದೋಣಿ, ಹಗ್ಗ, ಪಂಪುಗಳ ತಪಾಸಣೆಗೆಂದು ಜಿಲ್ಲಾಡಳಿತಗಳು ಸಭೆ ಕರೆಯುತ್ತವೆ. ಪುಣೆಯಾಗಲಿ, ಗುಡ್ಡ ಕುಸಿಯುವ ನಮ್ಮ ಉತ್ತರ ಕನ್ನಡವಾಗಲಿ, ಅದೇ ಸಭೆಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕರೆಯಬೇಕು. ಹೆಣ ಎತ್ತಿದ ಪ್ರತಿ ತಂಡಕ್ಕೂ, ಸ್ವಯಂಸೇವಕರೂ ಸೇರಿದಂತೆ, ಕಡ್ಡಾಯ ವಿಶ್ರಾಂತಿ ಎಷ್ಟು ದಿನ, ಅದರ ಖರ್ಚು ಯಾರದು ಎಂಬುದು ಅಲ್ಲೇ ಬರಹದಲ್ಲಿ ತೀರ್ಮಾನವಾಗಬೇಕು.